ಸ್ಥೂಲಜಿಹ್ವೆ ಮತ್ತು ಶಸ್ತ್ರಚಿಕಿತ್ಸೆಯ ಔಚಿತ್ಯ

ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವೊಂದನ್ನು ಕುರಿತು ಕನ್ನಡ ಪಂಡಿತನೊಬ್ಬನು ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ವಾಚಕರಲ್ಲಿ ಕೆಲವರಿಗಾದರೂ ತೋರದೆ ಇರದು. ಆದರೆ ನಾಲಿಗೆಯ ವಿಚಾರದಲ್ಲಿ ವೈಯಾಕರಣನಿಗೂ ಕಿಂಚಿತ್ ಹಕ್ಕುಂಟೆಂದು ನಾನು ಭಾವಿಸಿದ್ದೇನೆ. ವೈದ್ಯರು ರೋಗಿಯಿಂದ ‘ಆ’ ಎನ್ನಿಸಿ ನಾಲಿಗೆಯನ್ನು ನೋಡುತ್ತಾರೆ; ನಾವು ‘ಅ’ಕಾರದಿಂದ ‘ಳ’ಕಾರದವರೆಗೂ ಎನ್ನಿಸಿ ನೋಡುತ್ತೇವೆ. ವ್ಯತ್ಯಾಸವಿಷ್ಟೇ.

ಈ ಲೇಖನಕ್ಕೆ ನಿಮಿತ್ತವಾದ ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ. ಕಳೆದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಆರು ವರ್ಷದ ಮಗಳನ್ನು ಕರೆದುಕೊಂಡು ಹಳೆಯ ವಿದ್ಯಾರ್ಥಿಗಳ ಸಭೆಗೆ ಬಂದಿದ್ದರು. ಮಗು ಡೌನ್ ಸಿಂಡ್ರೋಮ್ ಎಂಬ ಜನ್ಮಜಾತ ಸ್ಥಿತಿಯುಳ್ಳದ್ದು. ಅದರ ನಾಲಿಗೆಯ ತುದಿ ಬಹುಕಾಲ ತುಟಿಯಿಂದಾಚೆಗೇ ಇರುತ್ತಿತ್ತು. ಮಾತು ತಾಯಿಗೆ ತಿಳಿಯುತ್ತಿತ್ತು, ಇತರರಿಗೆ ತಿಳಿಯದು. ನಾಲಿಗೆಯ ಮುಂಭಾಗವನ್ನು ಶಸ್ತ್ರದಿಂದ ಕತ್ತರಿಸಿ ಚಿಕ್ಕದು ಮಾಡಿಸಿದರೆ ಮಾತು ತಿಳಿಯಾಗುವುದೆಂದು ಯಾರೋ ಅವರಿಗೆ ಭರವಸೆ ಕೊಟ್ಟಿದ್ದರು. ಖರ್ಚಿಗೆ ದಾನಿಗಳ ನೆರವನ್ನು ಯಾಚಿಸಿ ಬಂದ ಅವರು, ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಗುರುಗಳ, ಮಾತು ಆಮ್ಯಾಲಿನ ಮಾತಾತ್ರಿ. ನಾಲಿಗಿ ಒಳಗ ಹೋದ್ರ ಸಾಕು, ಮಂದಿ ನೋಡೂದರ ತಪ್ಪತೈತಿ” ಎಂದರು. ಸಭೆಯಲ್ಲಿ ನೆರವು ಸರ್ವಾನುಮತದಿಂದ ಮಂಜೂರಾಗಿತ್ತು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಆದರೆ ಆ ತಂದೆಯ ಮಾತು ನನ್ನ ನಿದ್ದೆಯನ್ನು ಕೆಡಿಸಿತು. ನಾವು ಹಣ ಕೊಟ್ಟದ್ದು ಮಗುವಿನ ಮಾತಿಗೋ, ನೋಡುವ ಮಂದಿಯ ಕಣ್ಣಿಗೋ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ಬಲ್ಲ ವೈದ್ಯರನ್ನೂ ವಾಕ್‌ಚಿಕಿತ್ಸಕರನ್ನೂ ಕಂಡು, ಓದಲು ಸಿಕ್ಕಿದ್ದನ್ನು ಓದಿ, ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಶಿಕ್ಷಾಶಾಸ್ತ್ರದಲ್ಲಿ ಅಕ್ಷರೋತ್ಪತ್ತಿಗೆ ಸ್ಥಾನ, ಕರಣ ಎಂಬ ಎರಡನ್ನು ಹೇಳುತ್ತಾರೆ. ಅಂಗುಳು, ಹಲ್ಲು ಮೊದಲಾದವು ಸ್ಥಾನ. ಅವುಗಳನ್ನು ಮುಟ್ಟುವ ನಾಲಿಗೆ ಕರಣ. ಆ ನಾಲಿಗೆಯನ್ನೂ ಒಂದೇ ಎಂದೆಣಿಸದೆ ಜಿಹ್ವಾಮೂಲ, ಜಿಹ್ವಾಮಧ್ಯ, ಜಿಹ್ವೋಪಾಗ್ರ, ಜಿಹ್ವಾಗ್ರವೆಂದು ವಿಂಗಡಿಸಿದರು. ಕವರ್ಗಕ್ಕೆ ಮೂಲ, ಚವರ್ಗಕ್ಕೆ ಮಧ್ಯ, ಟವರ್ಗಕ್ಕೆ ಉಪಾಗ್ರ, ತವರ್ಗಕ್ಕೆ ಅಗ್ರ. ನಾಲಿಗೆಗೆ ಎಲುಬಿಲ್ಲವೆಂಬುದು ನಮ್ಮ ಗಾದೆಯೂ ಹೌದು, ಅಂಗರಚನಾಶಾಸ್ತ್ರವೂ ಹೌದು. ಆನೆಯ ಸೊಂಡಿಲಿನಂತೆ ಅದು ಬಹುಮಟ್ಟಿಗೆ ಸ್ನಾಯುಗಳ ಮುದ್ದೆ. ಒಳಗಿನ ಸ್ನಾಯುಗಳು ಒಂದೆಡೆ ಬಿಗಿದಾಗ ಇನ್ನೊಂದೆಡೆ ಚಾಚುತ್ತದೆ, ಚಪ್ಪಟೆಯಾಗುತ್ತದೆ, ಮಡಿಸಿಕೊಳ್ಳುತ್ತದೆ. ಅದರ ಸಾಮರ್ಥ್ಯವಿರುವುದು ಗಾತ್ರಕ್ಕಿಂತ ಹೆಚ್ಚಾಗಿ ಸ್ನಾಯುಗಳ ಬಿಗಿತದಲ್ಲಿ ಮತ್ತು ಅವುಗಳನ್ನು ನಡೆಸುವ ನರದ ಹತೋಟಿಯಲ್ಲಿ. ಈ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ನಿಜವಾಗಿಯೇ ಅತಿ ದೊಡ್ಡದಾದ ನಾಲಿಗೆಯೊಡನೆ ಹುಟ್ಟುವ ಮಕ್ಕಳುಂಟು. ಅದಕ್ಕೆ ಪ್ರಸಿದ್ಧ ಉದಾಹರಣೆಯೆಂದರೆ ಬೆಕ್‌ವಿತ್–ವೀಡೆಮನ್ ಸಿಂಡ್ರೋಮ್. 1963ರಲ್ಲಿ ಅಮೆರಿಕದ ಬೆಕ್‌ವಿತ್ ಎಂಬವರೂ 1964ರಲ್ಲಿ ಜರ್ಮನಿಯ ವೀಡೆಮನ್ ಎಂಬವರೂ ಪರಸ್ಪರ ಅರಿಯದೆ ಇದನ್ನು ವಿವರಿಸಿದ್ದರಿಂದ ಇಬ್ಬರ ಹೆಸರೂ ನಿಂತಿತು. ಸುಮಾರು 10,000 ಜನನಗಳಿಗೆ ಒಂದರಂತೆ ಇದು ಕಾಣುತ್ತದೆ. ದೋಷವಿರುವುದು 11ನೆಯ ವರ್ಣತಂತುವಿನ ಒಂದು ತುದಿಯಲ್ಲಿ. ಅಲ್ಲಿ ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನ್ ಇದೆ. ತಂದೆಯಿಂದ ಬಂದ ಪ್ರತಿ ಮಾತ್ರ ಕಾರ್ಯನಿರತವಾಗಿದ್ದು, ತಾಯಿಯಿಂದ ಬಂದ ಪ್ರತಿ ಮೌನವಾಗಿರಬೇಕೆಂಬುದು ಪ್ರಕೃತಿಯ ಕಟ್ಟಳೆ. ಈ ಕಟ್ಟಳೆ ತಪ್ಪಿದಾಗ ದೇಹದ ಕೆಲವು ಭಾಗಗಳು ಮಿತಿಮೀರಿ ಬೆಳೆಯುತ್ತವೆ. ನಾಲಿಗೆ, ಕೆಲವೊಮ್ಮೆ ದೇಹದ ಒಂದೇ ಪಾರ್ಶ್ವ, ಹೊಟ್ಟೆಯೊಳಗಿನ ಅವಯವಗಳು ದೊಡ್ಡವಾಗುತ್ತವೆ. ಹುಟ್ಟಿದ ಕೂಡಲೆ ರಕ್ತದಲ್ಲಿ ಸಕ್ಕರೆಯ ಅಂಶ ಕುಸಿಯುವ ಭಯವೂ, ಎಳವೆಯಲ್ಲಿ ಮೂತ್ರಪಿಂಡ ಅಥವಾ ಯಕೃತ್ತಿನಲ್ಲಿ ಗಡ್ಡೆ ಬೆಳೆಯುವ ಭಯವೂ ಉಂಟು. ಆದಕಾರಣ ಇಂತಹ ಮಕ್ಕಳಲ್ಲಿ ಹಲವರಿಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ. ದೊಡ್ಡ ನಾಲಿಗೆಯನ್ನು ಕಂಡು ತಾಯಿ ಕೊರಗುತ್ತಿರುವಾಗ, ಕಣ್ಣಿಗೆ ಕಾಣದ ಈ ಗಡ್ಡೆಯ ಮೇಲೆ ನಿಗಾ ಇಡಬೇಕಾದುದೇ ಹೆಚ್ಚು ತುರ್ತಿನದು.

ಇಂತಹ ನಾಲಿಗೆ ಬಾಯಿಯೊಳಗೆ ಹಿಡಿಸುವುದೇ ಇಲ್ಲ. ಮಗು ಮೊಲೆ ಚೀಪಲಾರದು, ಅಂಗಾತ ಮಲಗಿದಾಗ ಉಸಿರು ಕಟ್ಟುತ್ತದೆ, ಜೊಲ್ಲು ನಿಲ್ಲದು, ಹೊರಗೆ ಒಣಗಿದ ನಾಲಿಗೆ ಬಿರಿಯುತ್ತದೆ. ಹಗಲೂ ಇರುಳೂ ಒಳಗಿನಿಂದ ಒತ್ತುವ ಆ ಮಾಂಸದ ಭಾರಕ್ಕೆ ಹಾಲುಹಲ್ಲುಗಳು ಮುಂದಕ್ಕೆ ವಾಲುತ್ತವೆ, ಕೆಳದವಡೆ ಮುಂಚಾಚುತ್ತದೆ, ಮೇಲಿನ ಕೆಳಗಿನ ಹಲ್ಲುಗಳು ಕೂಡುವುದಿಲ್ಲ. ಇಲ್ಲಿ ಶಸ್ತ್ರಕ್ಕೆ ನಿಜವಾದ ಕೆಲಸವಿದೆ. ಆದರೂ ಎಲ್ಲರಿಗೂ ಅದು ಬೇಕಾಗುವುದಿಲ್ಲ; ಮಗು ಬೆಳೆದಂತೆ ದವಡೆಯೂ ಬೆಳೆದು ನಾಲಿಗೆಗೆ ಎಡೆಮಾಡಿಕೊಡುವ ಸಂದರ್ಭಗಳು ಅನೇಕ. 2018ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಪ್ರಕಟಿಸಿದ ಅಭಿಪ್ರಾಯದಂತೆ, ಉಸಿರಾಟಕ್ಕೆ ತೀವ್ರ ಅಡ್ಡಿಯಿಲ್ಲದಿದ್ದರೆ ಮಗುವಿಗೆ ಒಂದು ವರ್ಷ ತುಂಬುವವರೆಗಾದರೂ ಕಾಯುವುದು ಲೇಸು.

ಶಸ್ತ್ರವೈದ್ಯರು ಮಾಡುವುದೇನೆಂದರೆ, ನಾಲಿಗೆಯ ಮುಂಭಾಗದಿಂದ ಬೆಣೆಯ ಆಕಾರದ ತುಂಡನ್ನೋ, ಬೀಗದ ಕೈ ತೂರುವ ರಂಧ್ರದ ಆಕಾರದ ತುಂಡನ್ನೋ ತೆಗೆದು, ಉಳಿದ ಎರಡು ಪಾರ್ಶ್ವಗಳನ್ನು ತಂದು ಕೂಡಿಸಿ ಹೊಲಿಯುವುದು. ತುದಿಯನ್ನು ಉಳಿಸಿ ನಡುವಣ ಭಾಗವನ್ನು ಮಾತ್ರ ತೆಗೆಯುವ ಕ್ರಮವೂ ಉಂಟು. ನಾಲಿಗೆಯ ಮುಖ್ಯ ರಕ್ತನಾಳಗಳೂ ನರಗಳೂ ಎರಡು ಪಾರ್ಶ್ವಗಳಲ್ಲಿ, ಕೆಳಮಗ್ಗುಲಿನಲ್ಲಿ ಹಾಯುವುದರಿಂದ ನಡುವಿನ ಮಾಂಸವನ್ನು ತೆಗೆಯುವುದು ಕ್ಷೇಮ. ಬಳಿಕ ನಾಲಿಗೆ ಬಾತುಕೊಳ್ಳುವುದು ಸಹಜವಾದ್ದರಿಂದ ಮಗುವನ್ನು ತೀವ್ರ ನಿಗಾ ಘಟಕದಲ್ಲಿಟ್ಟು ಉಸಿರನ್ನು ಕಾಯಬೇಕಾಗಬಹುದು. ಅನುಭವೀ ಕೈಗಳಲ್ಲಿ ಫಲಿತಾಂಶ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ರುಚಿಯರಿವು ಅಷ್ಟೇನೂ ಕುಗ್ಗುವುದಿಲ್ಲ, ಬಹುಪಾಲು ಮಕ್ಕಳ ಮಾತೂ ಕೆಡುವುದಿಲ್ಲ. ಇಂತಹ ಮಗುವೊಂದು ನಮ್ಮ ಸಭೆಯ ಮುಂದೆ ಬಂದರೆ ನಾನು ಎರಡು ಕೈಗಳನ್ನೂ ಎತ್ತುತ್ತೇನೆ.

ನಾಲಿಗೆ ದಪ್ಪವಾಗಿ ಕಂಡ ಮಾತ್ರಕ್ಕೆ ಶಸ್ತ್ರವೇ ಮದ್ದೆನ್ನಲಾಗದು. ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಶಿಶುಗಳಲ್ಲಿಯೂ ನಾಲಿಗೆ ದಪ್ಪವಾಗಿ ಹೊರಚಾಚಿರುತ್ತದೆ. ಅವಕ್ಕೆ ಬೇಕಾದುದು ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ. ಹುಟ್ಟಿದ ಒಂದೆರಡು ವಾರಗಳೊಳಗೆ ಅದನ್ನು ಆರಂಭಿಸಿದರೆ ನಾಲಿಗೆ ಸಹಜ ಸ್ಥಿತಿಗೆ ಬರುವುದಷ್ಟೇ ಅಲ್ಲ, ಬುದ್ಧಿಯ ಬೆಳವಣಿಗೆಯೂ ಉಳಿಯುತ್ತದೆ. ತಡವಾದರೆ ನಾಲಿಗೆ ಇಳಿದೀತು, ಕಳೆದ ಬುದ್ಧಿ ಹಿಂದಿರುಗದು. ಕೆಲವು ರೂಪಾಯಿಗಳ ಮಾತ್ರೆ!

ಇನ್ನು ಡೌನ್ ಸಿಂಡ್ರೋಮ್‌ಗೆ ಬರೋಣ. ಸುಮಾರು 800ರಿಂದ 1,000 ಜನನಗಳಿಗೆ ಒಂದರಂತೆ ಕಾಣುವ ಇದರಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿರುತ್ತದೆ. ಪ್ಯಾರಿಸ್ಸಿನಲ್ಲಿ 1959ರಲ್ಲಿ ಇದು ಗೊತ್ತಾಯಿತು. ಈ ಸ್ಥಿತಿಗೆ ಯಾರ ಹೆಸರು ಬಂದಿದೆಯೋ ಆ ಇಂಗ್ಲೆಂಡಿನ ವೈದ್ಯ ಲ್ಯಾಂಗ್ಡನ್ ಡೌನ್ ಅವರು 1866ರಲ್ಲೇ ಈ ಮಕ್ಕಳ ನಾಲಿಗೆಯನ್ನು ದಪ್ಪವೆಂದು ಬರೆದಿದ್ದರು. ಅಂದಿನಿಂದ ಶತಮಾನಕ್ಕೂ ಮಿಕ್ಕಿ ಎಲ್ಲರೂ ಅದನ್ನೇ ಹೇಳುತ್ತ ಬಂದರು. ಆದರೆ ಎಂ.ಆರ್.ಐ. ಯಂತ್ರದಿಂದ ಅಳೆದು ನೋಡಿ 2008ರಲ್ಲಿ ಅಮೆರಿಕದ ತಜ್ಞರು ಪ್ರಕಟಿಸಿದ್ದೇನೆಂದರೆ, ಈ ಮಕ್ಕಳ ನಾಲಿಗೆ ಇತರ ಮಕ್ಕಳದಕ್ಕಿಂತ ದೊಡ್ಡದಲ್ಲ. ಅದನ್ನು ಸುತ್ತುವರಿದ ಬಾಯಿಯ ಎಲುಬಿನ ಗೂಡು ಚಿಕ್ಕದು. ಕೋಣೆ ಕಿರಿದಾದರೆ ಮಂಚ ದೊಡ್ಡದೆನಿಸುವಂತೆ. ಅದರ ಮೇಲೆ ಸ್ನಾಯುಗಳ ಬಿಗಿತ ಕಡಿಮೆ. ಆದ್ದರಿಂದ ನಾಲಿಗೆ ಒಳಗೆ ನಿಲ್ಲದೆ ಮುಂದೆ ಜಾರುತ್ತದೆ. ಅಂದಮೇಲೆ ಅದರ ಒಂದು ತುಂಡನ್ನು ತೆಗೆದುಹಾಕಿದರೆ ಗಾತ್ರ ಕಡಿಮೆಯಾಗಬಹುದೇ ಹೊರತು ಉಳಿದ ಭಾಗಕ್ಕೆ ಬಿಗಿತ ಎಲ್ಲಿಂದ ಬರಬೇಕು?

ಆದರೂ ತೆಗೆದರು. 1970ರ ದಶಕದ ಕೊನೆಯಿಂದ 1980ರ ದಶಕದುದ್ದಕ್ಕೂ ಪಶ್ಚಿಮ ಜರ್ಮನಿ, ಇಸ್ರೇಲ್, ಆಸ್ಟ್ರೇಲಿಯ, ಕೆನಡಾ ಮೊದಲಾದ ದೇಶಗಳಲ್ಲಿ ಈ ಮಕ್ಕಳ ನಾಲಿಗೆಯನ್ನು ಕಿರಿದುಮಾಡುವ ಶಸ್ತ್ರಚಿಕಿತ್ಸೆ ನಡೆಯಿತು. ಕೆಲವೆಡೆ ಅದರ ಜೊತೆಯಲ್ಲೇ ಮೂಗಿನ ಸೇತುವೆಯನ್ನು ಎತ್ತರಿಸಿ, ಕಣ್ಣಂಚಿನ ಮಡಿಕೆಯನ್ನು ತೆಗೆದು, ಮುಖದ ಚಹರೆಯನ್ನೇ ಮಾರ್ಪಡಿಸಿದರು. ಹೀಗೆ ಮಾಡಿದವರು ಕ್ರೂರಿಗಳೆಂದು ನಾನು ಹೇಳಲೊಲ್ಲೆ. ಮುಖ ಕಂಡೊಡನೆ ಜನ ಮಗುವನ್ನು ದಡ್ಡನೆಂದು ಎಣಿಸುತ್ತಾರೆ, ಎಣಿಸಿದಂತೆಯೇ ನಡೆಸಿಕೊಳ್ಳುತ್ತಾರೆ, ಮಗು ಕೊನೆಗೆ ಹಾಗೆಯೇ ಆಗುತ್ತದೆ. ಮುಖ ಬದಲಾದರೆ ಈ ಸರಪಳಿ ಕಡಿದೀತೆಂಬುದು ಅವರ ವಾದವಾಗಿತ್ತು. ಆ ವಾದದ ಪೂರ್ವಾರ್ಧ ನಿಜವೆಂದು ಶಿಕ್ಷಕರಾದ ನಮಗಿಂತ ಚೆನ್ನಾಗಿ ಬಲ್ಲವರಾರು?

ಮಾತು ಸುಧಾರಿಸಿತೇ ಎಂಬುದನ್ನು ಕೊನೆಗೊಮ್ಮೆ ಪರೀಕ್ಷಿಸಿದರು. 1987ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಯಾದ 18 ಮಕ್ಕಳ ಉಚ್ಚಾರವನ್ನು ಚಿಕಿತ್ಸೆಗೆ ಮೊದಲು, ನಾಲ್ಕು ವಾರಗಳ ನಂತರ, ಆರು ತಿಂಗಳ ನಂತರ ಪರಿಶೀಲಿಸಿ, ಶಸ್ತ್ರಚಿಕಿತ್ಸೆಯಾಗದ 9 ಮಕ್ಕಳ ಉಚ್ಚಾರದೊಡನೆ ಹೋಲಿಸಿದರು. ಉಚ್ಚಾರದೋಷಗಳ ಸಂಖ್ಯೆಯಲ್ಲಿ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ತಂದೆತಾಯಿಗಳನ್ನು ಕೇಳಿದಾಗ ಮಾತು ಸುಧಾರಿಸಿದೆಯೆಂದೇ ಅವರು ಹೇಳಿದರು! ಅದೇ ವರ್ಷ ಪ್ರಕಟವಾದ ಕೆನಡಾದ ಅಧ್ಯಯನವೂ ಇದಕ್ಕೆ ಪೂರಕವಾಗಿದೆ: ಮಾತನಾಡುವಾಗಿನ ಮುಖದ ನೋಟ ಸುಧಾರಿಸಿತ್ತು, ಕಿವಿಗೆ ಬೀಳುವ ಮಾತಿನ ಸ್ಪಷ್ಟತೆ ಸುಧಾರಿಸಿರಲಿಲ್ಲ.

ಇದನ್ನೋದಿದಾಗ ನನಗೆ ರೋಮಾಂಚನವಾಯಿತು. ಆ ತಾಯಿತಂದೆಗಳು ಸುಳ್ಳಾಡಲಿಲ್ಲ. ನಾಲಿಗೆ ಹೊರಗೆ ಕಾಣದಿದ್ದಾಗ ಅವರು ಮಗುವಿನ ಮಾತಿಗೆ ಕಿವಿಗೊಟ್ಟರು; ಕಿವಿಗೊಟ್ಟಾಗ ತಿಳಿಯಿತು. ಹಾಗಾದರೆ ಮೊದಲೂ ಮಾತು ಅಷ್ಟೇ ಇತ್ತಲ್ಲವೆ? ಕಣ್ಣು ಮುಂದಾಗಿ ಕಿವಿಯನ್ನು ಮುಚ್ಚಿಸಿತ್ತೆಂದೇ ನಾನು ಅರ್ಥಮಾಡಿಕೊಂಡಿದ್ದೇನೆ. ಇದು ನನ್ನ ಊಹೆ, ಅಧ್ಯಯನದ ಮಾತಲ್ಲ. ಆದರೆ ಈ ಊಹೆಗೆ ನನ್ನ ಬಳಿ ಸಾಕ್ಷಿಯೊಂದಿದೆ, ಅದು ನನಗೆ ಗೌರವ ತರುವಂಥದಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಇಂಥದೇ ಸ್ಥಿತಿಯ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಕಂಠಪಾಠ ಸ್ಪರ್ಧೆಗೆ ಹೆಸರು ಕೊಟ್ಟ. ನಾನು ಅವನ ಹೆಸರನ್ನು ಹೊಡೆದುಹಾಕಿದೆ. ಕಾರಣ ಕೇಳಿದವರಿಗೆ ಉಚ್ಚಾರಶುದ್ಧಿ ಸಾಲದೆಂದೆ. ಸತ್ಯವೇನೆಂದರೆ ನಾನು ಅವನಿಂದ ಒಂದು ಸಾಲನ್ನೂ ಹೇಳಿಸಿ ಕೇಳಿರಲಿಲ್ಲ. ಅಂದು ಅತಿಥಿಗಳು ಬರುವವರಿದ್ದರು, ನಾಲಿಗೆ ಹೊರಗೆ ಕಾಣುತ್ತಿತ್ತು, ಅಷ್ಟೇ. ಈಗ ಅವನು ಅಣ್ಣನ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಾನೆ. ನಾನು ಹೋದರೆ “ಪಂದಿತ್ರು ಬಂದ್ರು” ಎಂದು ಒಳಗೆ ಕೂಗಿ ಹೇಳುತ್ತಾನೆ. ಡಕಾರ ಅವನಿಗೆ ಇಂದಿಗೂ ಬಾರದು. ಅಂಗಡಿಗೆ ಬರುವವರಲ್ಲಿ ಅವನ ಮಾತು ತಿಳಿಯದವರನ್ನು ನಾನು ಕಂಡಿಲ್ಲ.

ಡಕಾರದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಇದು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಮೇಲೆ ಹೇಳಿದ ಪರೀಕ್ಷೆಗಳು ನಡೆದ ನಾಡುಗಳ ಭಾಷೆಯಾದ ಇಂಗ್ಲಿಷಿನಲ್ಲಿ ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳನ್ನು ಮುಟ್ಟುವ ಪ್ರತ್ಯೇಕ ಅಕ್ಷರಗಳ ವರ್ಗವಿಲ್ಲ. ಕನ್ನಡದಲ್ಲಿ ಟ, ಡ, ಣ, ಳ ಅರ್ಥವನ್ನೇ ಬೇರ್ಪಡಿಸುತ್ತವೆ. ಹುಲಿಗೂ ಹುಳಿಗೂ, ಮನೆಗೂ ಮಣೆಗೂ ಇರುವ ಅಂತರ ನಾಲಿಗೆಯ ತುದಿಯ ಆ ಒಂದು ಮಡಿಕೆಯಲ್ಲಿದೆ. ಕನ್ನಡದ ಮಗುವಿನ ನಾಲಿಗೆಯ ತುದಿಗೆ ಶಸ್ತ್ರ ತಾಗಿಸುವ ಮುನ್ನ, ಅದು ನಿಜವಾದ ಸ್ಥೂಲಜಿಹ್ವೆಯೇ ಆಗಿದ್ದರೂ, ಈ ನಾಲ್ಕು ಅಕ್ಷರಗಳು ಮುಂದೆ ಏನಾಗುವವೆಂದು ಶಸ್ತ್ರವೈದ್ಯರೊಡನೆ ವಾಕ್‌ಚಿಕಿತ್ಸಕರೂ ಕುಳಿತು ಯೋಚಿಸಬೇಕು. ತುದಿಯನ್ನು ಉಳಿಸುವ ಕ್ರಮ ಸಾಧ್ಯವೇ ಎಂದು ಕೇಳಬೇಕು. ಮೈಸೂರಿನಲ್ಲಿ 1960ರ ದಶಕದಿಂದಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವಾಗ, ಈ ವಿಚಾರದಲ್ಲಿ ನಾವು ಪರನಾಡುಗಳ ಪರೀಕ್ಷೆಗಳಷ್ಟಕ್ಕೇ ತೃಪ್ತರಾಗಬೇಕಿಲ್ಲ.

ಹಾಗಾದರೆ ಡೌನ್ ಸಿಂಡ್ರೋಮ್‌ನ ಮಗುವಿನ ಮಾತಿಗೆ ಏನು ಮಾಡಬೇಕು? ಮೊದಲು ಕಿವಿಯನ್ನು ನೋಡಬೇಕು. ಈ ಮಕ್ಕಳಲ್ಲಿ ನಡುಕಿವಿಯೊಳಗೆ ದ್ರವ ತುಂಬಿ ಕೇಳಿಸುವುದು ಮಂದವಾಗುವುದು ಅತಿ ಸಾಮಾನ್ಯ. ಕೇಳದ ಅಕ್ಷರವನ್ನು ಮಗು ಹೇಗೆ ನುಡಿದೀತು? ಥೈರಾಯ್ಡ್ ಪರೀಕ್ಷೆಯಾಗಬೇಕು, ಏಕೆಂದರೆ ಅದರ ಕೊರತೆಯೂ ಇವರಲ್ಲಿ ಹೆಚ್ಚು. ರಾತ್ರಿ ಗೊರಕೆ, ಉಸಿರು ನಿಂತು ನಿಂತು ಬರುವುದು ಇದ್ದರೆ ನಿದ್ರಾಪರೀಕ್ಷೆ ಮಾಡಿಸಿ, ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಕಾರಣವಾಗಿದ್ದರೆ ಅವುಗಳನ್ನು ತೆಗೆಸಬೇಕು. ಅರ್ಜೆಂಟೀನದ ಕಾಸ್ತಿಯೊ ಮೊರಾಲೆಸ್ ಎಂಬ ವೈದ್ಯರು ಅಂಗುಳಿಗೆ ಹೊಂದುವ ಒಂದು ಪುಟ್ಟ ಫಲಕವನ್ನು ಬಳಕೆಗೆ ತಂದರು; ಅದರ ಮೇಲಿನ ಉಬ್ಬನ್ನು ಮುಟ್ಟಲು ಹೋಗಿ ಶಿಶುವಿನ ನಾಲಿಗೆ ತಾನಾಗಿ ಒಳಸೇದಿಕೊಳ್ಳುತ್ತದೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು, ನಿದ್ರೆಯಲ್ಲಿ ಉಸಿರು ತೀವ್ರವಾಗಿ ಕಟ್ಟುವ 13ರಿಂದ 18 ವರ್ಷದ ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಆಯ್ದವರಿಗೆ, ನಾಲಿಗೆಯನ್ನು ಚಲಿಸುವ ನರಕ್ಕೆ ನಿದ್ರೆಯಲ್ಲಿ ಮೆಲ್ಲನೆ ವಿದ್ಯುತ್ ಪ್ರಚೋದನೆ ಕೊಡುವ ಸಾಧನಕ್ಕೆ ಒಪ್ಪಿಗೆಯಿತ್ತಿತು. ಎದೆಯ ಚರ್ಮದ ಕೆಳಗೆ ಹುದುಗಿಸುವ ಈ ಸಾಧನ ದುಬಾರಿಯಾದುದು, ನಮ್ಮ ಮಾತಿನ ಸಮಸ್ಯೆಗೆ ಮದ್ದೂ ಅಲ್ಲ. ಆದರೂ ನಲವತ್ತು ವರ್ಷಗಳ ಹಿಂದೆ ಕತ್ತರಿಸುತ್ತಿದ್ದ ನಾಲಿಗೆಯನ್ನು ಇಂದು ಎಚ್ಚರಿಸುತ್ತಿದ್ದಾರೆಂಬುದನ್ನು ಗಮನಿಸಬೇಕು.

ಉಳಿದುದೆಲ್ಲ ವಾಕ್‌ಶಿಕ್ಷಣ. ವಾರಕ್ಕೆ ಒಂದೆರಡು ಬಾರಿ, ವರ್ಷಗಟ್ಟಲೆ. ಮನೆಯಲ್ಲಿ ತಾಯಿ, ಶಾಲೆಯಲ್ಲಿ ಶಿಕ್ಷಕ ಅದನ್ನೇ ಮುಂದುವರಿಸಬೇಕು. ಇದರಲ್ಲಿ ಚಮತ್ಕಾರವೇನೂ ಇಲ್ಲ. ಮೊದಲಾಗಿ ಅ ಆ ಇ ಈ ಕಲಿಸಿದಂತೆಯೇ.

ಆ ಮಗುವಿನ ವಿಷಯ ಹೇಳಿ ಮುಗಿಸುತ್ತೇನೆ. ತಂದೆಯವರಿಗೆ ನಾನು ತಿಳಿದಷ್ಟನ್ನು ಹೇಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವಂತೆ ಬೇಡಿಕೊಂಡೆ. ಸರ್ಕಾರವು 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡೌನ್ ಸಿಂಡ್ರೋಮ್ ಸೇರಿದೆಯೆಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಮಗುವಿನ ಎರಡು ಕಿವಿಗಳಲ್ಲಿಯೂ ದ್ರವ ತುಂಬಿರುವುದು, ಟಾನ್ಸಿಲ್ ಉಸಿರಿಗೆ ಅಡ್ಡವಾಗಿರುವುದು ಕಂಡುಬಂತು. ಅವಕ್ಕೆ ಚಿಕಿತ್ಸೆಯಾಯಿತು. ಗೊರಕೆ ನಿಂತಿದೆ, ಬಾಯಿಯಿಂದ ಉಸಿರಾಡುವುದು ಕಡಿಮೆಯಾದುದರಿಂದ ನಾಲಿಗೆಯೂ ಮೊದಲಿನಷ್ಟು ಹೊರಗಿರುವುದಿಲ್ಲ. ಮಾತು? ಏಳೆಂಟು ಶಬ್ದಗಳು ಹೊಸದಾಗಿ ನನಗೂ ತಿಳಿಯುತ್ತವೆ. ಳಕಾರ ಇಲ್ಲ. ‘ಬಾಲೆಹನ್ನು’ ಎನ್ನುತ್ತಾಳೆ. ಶಾಲೆಗೆ ಸೇರಿಸಿಕೊಂಡಿದ್ದೇವೆ. ತಂದೆಯವರಿಗೆ ಇನ್ನೂ ಪೂರ್ಣ ಸಮಾಧಾನವಿಲ್ಲ. ಜಾತ್ರೆ, ಮದುವೆಗಳಲ್ಲಿ ಮಂದಿ ನೋಡುವುದು ತಪ್ಪಿಲ್ಲವಲ್ಲ. ಅವರನ್ನು ನಾನು ಆಕ್ಷೇಪಿಸಲಾರೆ. ಆ ನೋಟವನ್ನು ದಿನವೂ ಸಹಿಸುವವರು ಅವರು.

ಆದರೆ ಮನಸ್ಸಿಗೆ ನೋವಾದದ್ದು ಬೇರೊಂದು ಕಾರಣಕ್ಕೆ. ನಾಲಿಗೆಯ ಶಸ್ತ್ರಚಿಕಿತ್ಸೆ ನಡೆಯುವುದಿಲ್ಲವೆಂದು ತಿಳಿದಾಗ, ಹಣ ಕೊಡುವುದಾಗಿ ವಚನವಿತ್ತಿದ್ದ ದಾನಿಗಳಲ್ಲಿ ಕೆಲವರು ಅದನ್ನು ಹಿಂದೆಗೆದುಕೊಂಡರು. “ಆಪರೇಷನ್ನೇ ಇಲ್ಲವೆಂದ ಮೇಲೆ ಹಣವೇಕೆ?” ಎಂದು ಒಬ್ಬರು ಕೇಳಿದರು. ಅವರು ಉದಾರಿಗಳು, ಈ ಶಾಲೆಯ ಗೋಡೆಗಳ ಮೇಲೆ ಅವರ ಹೆಸರಿದೆ. ಶಸ್ತ್ರಚಿಕಿತ್ಸೆಗೆ ಒಂದು ದಿನಾಂಕವಿರುತ್ತದೆ, ಬಿಲ್ಲಿರುತ್ತದೆ, ಮೊದಲಿನದೊಂದು ಆಮೇಲಿನದೊಂದು ಫೋಟೋ ಇರುತ್ತದೆ. ವಾಕ್‌ಶಿಕ್ಷಣಕ್ಕೆ ಇವಾವುವೂ ಇಲ್ಲ. ವಾರಕ್ಕೆರಡು ಸಲ ತಾಯಿ ಮಗುವನ್ನು ಕರೆದುಕೊಂಡು ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಆ ಎರಡು ದಿನ ಅವಳ ಕೂಲಿ ಹೋಗುತ್ತದೆ. ಲೆಕ್ಕ ಹಾಕಿದರೆ ಕಳೆದುಹೋಗುವ ಆ ಕೂಲಿಯೇ ಎಲ್ಲಕ್ಕಿಂತ ದೊಡ್ಡ ಖರ್ಚು. ಇದಕ್ಕೆ ಯಾವ ಆಸ್ಪತ್ರೆಯೂ ರಸೀದಿ ಕೊಡುವುದಿಲ್ಲ.

ಬರುವ ಸಭೆಯಲ್ಲಿ ನಾನೊಂದು ಸೂಚನೆಯನ್ನು ಮಂಡಿಸಲಿದ್ದೇನೆ: ಶಸ್ತ್ರಚಿಕಿತ್ಸೆಗೆಂದು ತೆಗೆದಿರಿಸಿದ ನಿಧಿಯಲ್ಲಿ ಅರ್ಧವನ್ನು ಇಂತಹ ಮಕ್ಕಳ ತಾಯಂದಿರ ಪ್ರಯಾಣವೆಚ್ಚಕ್ಕೂ ಕೂಲಿನಷ್ಟಕ್ಕೂ ಮೀಸಲಿಡಬೇಕು, ವಾಕ್‌ಚಿಕಿತ್ಸಕರೊಬ್ಬರನ್ನು ತಿಂಗಳಿಗೆರಡು ಸಲವಾದರೂ ನಮ್ಮ ಶಾಲೆಗೇ ಕರೆಸಿ ಶಿಕ್ಷಕರಿಗೆ ತರಬೇತಿ ಕೊಡಿಸಬೇಕು. ನಾಲಿಗೆಯ ಶಸ್ತ್ರಚಿಕಿತ್ಸೆಗೆ ಯಾರೇ ಅರ್ಜಿ ತಂದರೂ ಕಿವಿ, ಥೈರಾಯ್ಡ್, ನಿದ್ರೆ ಇವುಗಳ ಪರೀಕ್ಷೆಯ ವರದಿಗಳೂ ವಾಕ್‌ಚಿಕಿತ್ಸಕರ ಅಭಿಪ್ರಾಯವೂ ಅರ್ಜಿಯೊಡನಿರಬೇಕು. ಅವು ಸರಿಯಿದ್ದು, ಬೆಕ್‌ವಿತ್–ವೀಡೆಮನ್‌ನಂತಹ ಸ್ಥಿತಿಯ ಮಗುವಾಗಿದ್ದರೆ ಮಂಜೂರಾತಿಗೆ ಒಂದು ವಾರಕ್ಕಿಂತ ಹೆಚ್ಚು ಕಾಯಿಸಬಾರದು. ಸೂಚನೆಯ ಪ್ರತಿ ಕಚೇರಿಯಲ್ಲಿದೆ. ಕಳೆದ ಸಲ ವಿಚಾರಿಸದೆ ಕೈ ಎತ್ತಿದ ನಾನು, ಈ ಸಲ ವಿರೋಧಿಸುವವರ ಮಾತನ್ನೂ ಕುಳಿತು ಕೇಳುತ್ತೇನೆ.